ಇಳಕಲ್ ಸೆರಗು ಮತ್ತು ಅಮೂರ್ತ ಬಣ್ಣ: ಎರಡನ್ನೂ ಒಂದೇ ತೈಲಚಿತ್ರದಲ್ಲಿ ಕೂಡಿಸುವ ಬಗೆ

ಅಮೂರ್ತ ಬಣ್ಣದ ಹಾಸಿನ ಮೇಲೆ ಕಣ್ಣಿಗೆ ಕಟ್ಟುವಂಥ ಬಟ್ಟೆಯೊಂದನ್ನು ಬರೆದ ಮಾತ್ರಕ್ಕೆ ಎರಡೂ ಕೂಡುವುದಿಲ್ಲ. ಹೆಚ್ಚಿನ ಕ್ಯಾನ್ವಾಸುಗಳಲ್ಲಿ ಬಟ್ಟೆ ಬೇರೆಲ್ಲಿಂದಲೋ ಕತ್ತರಿಸಿ ತಂದು ಅಂಟಿಸಿದಂತೆ ಉಳಿದುಬಿಡುತ್ತದೆ. ನಿರಿಗೆಗಳು ಸೊಗಸಾಗಿಯೇ ಬಂದಿರುತ್ತವೆ, ಹಿನ್ನೆಲೆಯೂ ತನ್ನಷ್ಟಕ್ಕೆ ಚೆನ್ನಾಗಿಯೇ ಇರುತ್ತದೆ. ಆದರೆ ಬಟ್ಟೆಯ ಮೇಲೆ ಬಿದ್ದ ಬೆಳಕಿನ ಸುದ್ದಿ ಹಿನ್ನೆಲೆಗೆ ತಲುಪಿರುವುದಿಲ್ಲ.

ಒಂದು ರಟ್ಟಿನಲ್ಲಿ ಎರಡು ಅಂಗುಲದ ಚೌಕ ಕಿಂಡಿ ಕೊರೆದು, ತೂಗುಬಿಟ್ಟ ಸೀರೆಯನ್ನು ಅದರೊಳಗಿಂದ ನೋಡಿ. ಸೀರೆ ಮರೆತುಹೋಗಿ ಕಪ್ಪು, ಕೆಂಪು, ಬಿಳಿಯ ಆಕಾರಗಳಷ್ಟೇ ಕಾಣುತ್ತವೆ. ನಿರಿಗೆ ಹುಟ್ಟಿನಿಂದಲೇ ಅಮೂರ್ತ. ಜರ್ಮನ್ ಚಿತ್ರಕಾರ ಗೆರ್ಹಾರ್ಡ್ ರಿಕ್ಟರ್ 1960ರ ದಶಕದ ನಡುವಿನಲ್ಲಿ ಬೂದುಬಣ್ಣದ ಪರದೆಗಳನ್ನು ಬರೆದರು, ಮುಂದೆ ಅಗಲವಾದ ಪಟ್ಟಿಯಿಂದ ಬಣ್ಣವನ್ನು ಎಳೆದೆಳೆದು ಅಮೂರ್ತ ಚಿತ್ರಗಳನ್ನು ಮಾಡಿದರು. ಆ ಎರಡೂ ಬಗೆಯ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಪರದೆಯ ಮಡಿಕೆಗೂ ಎಳೆದ ಬಣ್ಣದ ಪಟ್ಟೆಗೂ ಇರುವ ನಂಟು ತಿಳಿಯುತ್ತದೆ. ಆ ನಂಟನ್ನು ಒಂದೇ ಕ್ಯಾನ್ವಾಸಿನಲ್ಲಿ ತೋರಿಸಬೇಕಾದರೆ ಬಟ್ಟೆ ಮತ್ತು ಹಿನ್ನೆಲೆ ಮೂರು ವಿಷಯಗಳಲ್ಲಿ ಒಂದಾಗಬೇಕು: ಬೆಳಕು ಬರುವ ದಿಕ್ಕು, ತಿಳಿಯಿಂದ ಕಡುವಿನವರೆಗಿನ ಮೆಟ್ಟಿಲುಗಳು, ಮತ್ತು ಚಲನೆಯ ಗತಿ. ಉಳಿದದ್ದೆಲ್ಲ ಅಂಚುಗಳಲ್ಲಿ ತೀರ್ಮಾನವಾಗುತ್ತದೆ.

ಬಟ್ಟೆಯ ಆಯ್ಕೆ

ಇಲ್ಲಿ ಇಳಕಲ್ ಸೀರೆಯ ಸೆರಗನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ತೋಪ್‌ತೆನಿ ಸೆರಗಿನಲ್ಲಿ ಮೂರು ಕೆಂಪು ಪಟ್ಟೆ, ಅವುಗಳ ನಡುವೆ ಎರಡು ಬಿಳಿ ಪಟ್ಟೆ, ಪಟ್ಟೆಯ ಅಂಚಿನಲ್ಲಿ ಹಲ್ಲುಹಲ್ಲಾದ ವಿನ್ಯಾಸ. ಪಟ್ಟೆ ಎರಡು ಕೆಲಸ ಮಾಡುತ್ತದೆ. ನಿರಿಗೆಯ ಮೇಲೆ ಬಾಗಿ ಹರಿಯುವಾಗ ಬಟ್ಟೆಯ ಉಬ್ಬುತಗ್ಗನ್ನು ತೋರಿಸುತ್ತದೆ. ಬಟ್ಟೆಯಿಂದ ಹೊರಗೆ ಎಳೆದರೆ ಹಾಗೆಯೇ ಚಪ್ಪಟೆಯಾದ ಬಣ್ಣದ ಪಟ್ಟಿಯಾಗುತ್ತದೆ. ನೈಜದಿಂದ ಅಮೂರ್ತಕ್ಕೆ ದಾಟಲು ಇಷ್ಟು ಸಿದ್ಧವಾದ ಸೇತುವೆ ಬೇರೆ ಬಟ್ಟೆಯಲ್ಲಿ ಸಿಗುವುದು ಕಡಿಮೆ. ಜೊತೆಗೆ ಸೀರೆಯ ಮೈಗೆ ಹತ್ತಿಯ ಹಾಸು (ನೇಯ್ಗೆಯ ಉದ್ದದ ಎಳೆಗಳು), ಸೆರಗಿಗೆ ರೇಷ್ಮೆಯ ಹಾಸು, ನಡುವೆ ಕೊಂಡಿ ಹಾಕಿ ಕೂಡಿಸಿದ ಸಾಲು. ಹತ್ತಿಯ ಮಂಕು ಮತ್ತು ರೇಷ್ಮೆಯ ಹೊಳಪು ಒಂದೇ ಬಟ್ಟೆಯಲ್ಲಿ ಸಿಗುತ್ತವೆ.

ಮೈಸೂರು ರೇಷ್ಮೆಯ ಕ್ರೇಪ್ ಇನ್ನೂ ಮೃದು. ನೂಲನ್ನು ಬಿಗಿಯಾಗಿ ಹುರಿಮಾಡಿ ನೇಯುವುದರಿಂದ ನಿರಿಗೆಗಳು ದುಂಡಗೆ, ಭಾರವಾಗಿ ಜಾರುತ್ತವೆ, ಚೂಪಾದ ಮುರಿತ ಬರುವುದು ಕಡಿಮೆ. ಕುರಿ ಉಣ್ಣೆಯ ಕಂಬಳಿಯಲ್ಲಿ ನಾಲ್ಕೈದು ದಪ್ಪ ಮಡಿಕೆ ಬಿಟ್ಟರೆ ಬೇರೇನೂ ಸಿಗದು, ಆದರೆ ದೊಡ್ಡ ಕ್ಯಾನ್ವಾಸಿಗೆ ಅದರ ಗಾಂಭೀರ್ಯವೇ ಬೇರೆ. ಮೊದಲ ಬಾರಿ ಮಾಡುವವರು ಬಿಳಿ ಪಂಚೆಯಿಂದ ಶುರುಮಾಡುವುದು ಒಳ್ಳೆಯದು. ಬಣ್ಣದ ತಲೆಬಿಸಿ ಇಲ್ಲದೆ ಬೆಳಕು-ನೆರಳು ಕೈಗೆ ಹತ್ತುತ್ತದೆ.

ಪಂಚೆಯ ನಿರಿಗೆ ದಿನಗಟ್ಟಲೆ ಅಲುಗದಂತೆ ನಿಲ್ಲಿಸಲು ಅನ್ನದ ಗಂಜಿ ಸಾಕು. ಒಂದು ಲೋಟ ಗಟ್ಟಿ ಗಂಜಿಗೆ ಎರಡು ಲೋಟ ನೀರು ಬೆರೆಸಿ ಸೋಸಿ, ಬಟ್ಟೆಯನ್ನು ಅದ್ದಿ ಹಿಂಡಿ, ಬೇಕಾದ ಭಂಗಿಯಲ್ಲಿ ತೂಗುಹಾಕಿ ಒಣಗಿಸಿ. 1470ರ ದಶಕದಲ್ಲಿ ಲಿಯೊನಾರ್ಡೊ ಲಿನನ್ ಬಟ್ಟೆಯ ಮೇಲೆ ಬೂದುಬಣ್ಣದಲ್ಲಿ ಮಾಡಿದ ನಿರಿಗೆಯ ಅಭ್ಯಾಸಗಳಿಗೂ ಹೀಗೆಯೇ ಮಣ್ಣಿನ ತಿಳಿಯಲ್ಲಿ ಅದ್ದಿ ಗಟ್ಟಿಮಾಡಿದ ಬಟ್ಟೆಯನ್ನು ಬಳಸಿದ್ದರೆಂದು ಹೇಳುತ್ತಾರೆ. ರೇಷ್ಮೆ ಸೆರಗಿಗೆ ಮಾತ್ರ ಗಂಜಿ ಬೇಡ, ಹೊಳಪು ಸತ್ತುಹೋಗುತ್ತದೆ. ಅದನ್ನು ಗುಂಡುಪಿನ್ನಿನಿಂದ ಕಟ್ಟಿ, ಆ ಕೋಣೆಗೆ ಬೀಗ ಹಾಕಿದರೂ ಸರಿಯೇ, ಕೆಲಸ ಮುಗಿಯುವ ತನಕ ಮುಟ್ಟಬೇಡಿ. ಫ್ಯಾನ್ ಹಾಕಬೇಡಿ.

ತೂಗುಹಾಕುವುದು, ಬೆಳಕು ಕೊಡುವುದು

ನೆಲದಿಂದ ಐದು ಅಡಿ ಎತ್ತರದಲ್ಲಿ, ಒಂದೂವರೆ ಅಡಿ ಅಂತರದಲ್ಲಿ ಎರಡು ಮೊಳೆ. ಬಲ ಮೊಳೆಯಿಂದ ಸೆರಗು ನೇರವಾಗಿ ಇಳಿಯಲಿ, ಎರಡು ಮೊಳೆಗಳ ನಡುವೆ ಜೋಲು ಬೀಳಲಿ, ಕೊನೆಯ ಗೇಣುದ್ದ ಒಂದು ಸ್ಟೂಲಿನ ಮೇಲೆ ಕುಸಿದು ಕೂರಲಿ. ಹೀಗೆ ಮಾಡಿದರೆ ಮೂರು ಬಗೆಯ ನಿರಿಗೆ ಒಟ್ಟಿಗೆ ಸಿಗುತ್ತದೆ. ಒಂದೇ ಬಿಂದುವಿನಿಂದ ಇಳಿದವು ಕೊಳವೆಯಂತೆ ಕೆಳಕೆಳಗೆ ಅಗಲವಾಗುತ್ತವೆ. ಎರಡು ಬಿಂದುಗಳ ನಡುವಿನವು ತೊಟ್ಟಿಲಿನಂತೆ ಬಾಗಿ, ನಡುವಿನಲ್ಲಿ ಚೂಪಾಗಿ ಮುರಿಯುತ್ತವೆ. ಕುಸಿದ ಬಟ್ಟೆಗೆ ಲೆಕ್ಕವಿಲ್ಲ, ಅಲ್ಲಿ ಸಣ್ಣ ಸುಕ್ಕುಗಳ ರಾಶಿ. ಅಮೂರ್ತ ಭಾಗಕ್ಕೆ ದಾಟಲು ಅದೇ ಅನುಕೂಲದ ಜಾಗ.

ಪ್ರತಿ ನಿರಿಗೆಗೂ ಒಂದು ಎಳೆತದ ಮೂಲ ಇರುತ್ತದೆ. ಗೆರೆ ಹಾಕುವ ಮುನ್ನ ಆ ಮೂಲ ಯಾವುದೆಂದು ಗುರುತಿಸಿಕೊಳ್ಳಿ. ಮೂಲವಿಲ್ಲದ ನಿರಿಗೆ ಚಿತ್ರದಲ್ಲಿ ತೇಲಾಡುತ್ತದೆ, ನೋಡುವವರಿಗೆ ತಪ್ಪು ಎಲ್ಲಿದೆಯೆಂದು ಹೇಳಲು ಬರದಿದ್ದರೂ ಕಣ್ಣು ಒಪ್ಪುವುದಿಲ್ಲ.

ಬೆಳಕು ಒಂದೇ ಇರಲಿ. ಎಡಗಡೆ ಮೇಲಿನಿಂದ 45 ಡಿಗ್ರಿ ಕೋನದಲ್ಲಿ, ಬಟ್ಟೆಗೆ ಐದಾರು ಅಡಿ ದೂರದಲ್ಲಿ ಒಂದು ಎಲ್‌ಇಡಿ ದೀಪ, ಬೆಳಕಿನ ಬಣ್ಣ 4000ದಿಂದ 5000 ಕೆಲ್ವಿನ್ ಒಳಗೆ. ಕಿಟಕಿ ಬೆಳಕಾದರೆ ದಿನಕ್ಕೆ ಎರಡು ಗಂಟೆ, ಅದೇ ಹೊತ್ತಿನಲ್ಲಿ ಮಾತ್ರ ಕೆಲಸ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಆದರೆ ಅದನ್ನು ನಿರಿಗೆಯ ಜಾಗ ನೆನಪಿಟ್ಟುಕೊಳ್ಳಲಷ್ಟೇ ಬಳಸಿ. ಕ್ಯಾಮೆರಾ ನೆರಳನ್ನೆಲ್ಲ ಒಂದೇ ಕಪ್ಪು ಮಾಡಿಬಿಡುತ್ತದೆ. ಕಡುಗೆಂಪು ರೇಷ್ಮೆಯ ಸೊಗಸು ಇರುವುದೇ ಆ ನೆರಳಿನೊಳಗೆ.

ಕ್ಯಾನ್ವಾಸ್ ಮತ್ತು ಬಣ್ಣ

30×40 ಅಂಗುಲದ ಹತ್ತಿ ಕ್ಯಾನ್ವಾಸಿಗೆ ಮೂರು ಕೋಟು ಅಕ್ರಿಲಿಕ್ ಜೆಸ್ಸೊ (ಬಣ್ಣಕ್ಕೆ ಮುನ್ನ ಬಳಿಯುವ ಬಿಳಿ ತಳಪದರ), ಒಂದು ಅಡ್ಡ, ಒಂದು ಉದ್ದ, ಮತ್ತೊಂದು ಅಡ್ಡ. ಪ್ರತಿ ಕೋಟು ಒಣಗಿದ ಮೇಲೆ 220ರ ಮರಳುಕಾಗದದಿಂದ ಹಗುರಾಗಿ ಉಜ್ಜಿ. ಬಟ್ಟೆ ಬರುವ ಜಾಗದಲ್ಲಿ ಮಾತ್ರ ಇನ್ನೆರಡು ಕೋಟು ಹಾಕಿ 400ರ ಕಾಗದದಿಂದ ನಯಮಾಡಿ. ಅಮೂರ್ತ ಭಾಗಕ್ಕೆ ಕ್ಯಾನ್ವಾಸಿನ ನೇಯ್ಗೆ ಕಾಣಬೇಕು, ಬಣ್ಣ ಎಳೆದಾಗ ಅದು ಹಿಡಿದು ಬಿಡುವುದರಿಂದಲೇ ಮೇಲ್ಮೈಗೆ ಜೀವ. ರೇಷ್ಮೆಯ ನಯಕ್ಕೆ ಅದೇ ನೇಯ್ಗೆ ಶತ್ರು. ಜೆಸ್ಸೊ ಮುಗಿದ ಮೇಲೆ ಮೂರು ದಿನ ಬಿಟ್ಟು ತೈಲ ಮುಟ್ಟಿಸಿ. ಬಿಳಿಯ ಮೇಲೆ ನೇರವಾಗಿ ಶುರುಮಾಡದೆ, ಅಕ್ರಿಲಿಕ್‌ನಲ್ಲೇ ತೆಳುವಾಗಿ ಮಧ್ಯಮ ಕಡುವಿನ ಕಂದುಬೂದು ಬಳಿದುಕೊಂಡರೆ ತಿಳಿಯನ್ನೂ ಕಡುವನ್ನೂ ಸರಿಯಾಗಿ ಅಳೆಯಬಹುದು. ಅಕ್ರಿಲಿಕ್ ಮೇಲೆ ತೈಲ ನಿಲ್ಲುತ್ತದೆ, ತೈಲದ ಮೇಲೆ ಅಕ್ರಿಲಿಕ್ ಎಂದೂ ಬೇಡ.

ಬಣ್ಣಗಳು ಏಳೇ ಸಾಕು: ಟೈಟೇನಿಯಂ ವೈಟ್, ಯೆಲ್ಲೊ ಆಕರ್, ಕ್ಯಾಡ್ಮಿಯಂ ರೆಡ್, ಪರ್ಮನೆಂಟ್ ಅಲಿಝರಿನ್, ಬರ್ನ್ಟ್ ಸಿಯೆನ್ನಾ, ಬರ್ನ್ಟ್ ಅಂಬರ್, ಅಲ್ಟ್ರಾಮರೀನ್. ಟ್ಯೂಬಿನ ಹಿಂದೆ ಅಚ್ಚಾದ, ಒಳಗಿರುವ ಬಣ್ಣದ ಪುಡಿ ಯಾವುದೆಂದು ಹೇಳುವ ಸಂಖ್ಯೆಯನ್ನು ಓದಿ ಕೊಳ್ಳಿ. ಹಳೆಯ ಅಲಿಝರಿನ್ ಕ್ರಿಮ್ಸನ್ ಅಂದರೆ ಪಿಆರ್ 83. ತೆಳು ಲೇಪವಾಗಿ ಹಾಕಿದಾಗ ಬೆಳಕಿಗೆ ಮಾಸುತ್ತದೆ, ಇಲ್ಲಿ ನಮಗೆ ಬೇಕಾದದ್ದೇ ತೆಳು ಲೇಪ. ಪಿವಿ 19 ಅಥವಾ ಪಿಆರ್ 177 ಇರುವುದನ್ನು ಆರಿಸಿ. ಬಿಳಿಯಲ್ಲಿ ಪಿಡಬ್ಲ್ಯು 6 ಮಾತ್ರ ಇರಲಿ. ಪಿಡಬ್ಲ್ಯು 4 ಅಂದರೆ ಜಿಂಕ್, ಕಾಲಕ್ರಮದಲ್ಲಿ ಗಡುಸಾಗಿ ಬಿರುಕು ಬಿಡುತ್ತದೆ.

ಮೊದಲು ಅಮೂರ್ತ ಭಾಗ

ಕೈಗಾತ್ರದ ಕಾಗದದಲ್ಲಿ ಪೆನ್ಸಿಲಿನಿಂದ ಐದಾರು ಸಣ್ಣ ನಕ್ಷೆ ಮಾಡಿ, ಇಡೀ ಚಿತ್ರಕ್ಕೆ ಐದೇ ಮೆಟ್ಟಿಲಿನ ಬೂದು. ಬಟ್ಟೆ ಕ್ಯಾನ್ವಾಸಿನ ಐದನೇ ಎರಡು ಭಾಗಕ್ಕಿಂತ ಹೆಚ್ಚು ಆವರಿಸದಿರಲಿ. ಅತಿ ತಿಳಿ ಮತ್ತು ಅತಿ ಕಡು ಎರಡೂ ಬಟ್ಟೆಯೊಳಗೇ ಸೇರಿಹೋದರೆ ಹಿನ್ನೆಲೆ ಬರೀ ತೆರೆಯಾಗುತ್ತದೆ. ಆದ್ದರಿಂದ ಕಡುವಿನ ಒಂದು ದೊಡ್ಡ ತುಂಡನ್ನು ಅಮೂರ್ತ ಭಾಗಕ್ಕೆ ಕೊಡಿ, ಬಟ್ಟೆಯ ನೆರಳು ಅದರೊಳಕ್ಕೆ ಹರಿದು ಸೇರುವಂತೆ.

ಪ್ಯಾಲೆಟ್ಟಿನಲ್ಲಿ ಮೊದಲು ಸೆರಗಿನ ನೆರಳಿನ ಬಣ್ಣ ಕಲಸಿ: ಅಲಿಝರಿನ್ ಎರಡು ಪಾಲು, ಬರ್ನ್ಟ್ ಅಂಬರ್ ಒಂದು, ಅಲ್ಟ್ರಾಮರೀನ್ ಅರ್ಧ. ಹಿನ್ನೆಲೆಯ ಪ್ರತಿಯೊಂದು ಗುಡ್ಡೆಗೂ, ಅದು ಬೂದಿರಲಿ ಆಕರ್ ಇರಲಿ, ಇದರ ಒಂದು ಚಿಟಿಕೆ ಸೇರಿಸಿ. ಅಡುಗೆಗೆ ಒಗ್ಗರಣೆ ಹೇಗೋ ಹಾಗೆ, ಇದೊಂದು ಎಲ್ಲವನ್ನೂ ಒಂದೇ ಮನೆಯದಾಗಿಸುತ್ತದೆ.

ಮೊದಲ ಪದರ ತೆಳುವಾಗಿ, ಸ್ವಲ್ಪವೇ ಟರ್ಪೆಂಟೈನ್ ಬೆರೆಸಿ. ನೀರಿನಂತೆ ಮಾಡಿದರೆ ಬಣ್ಣದ ಪುಡಿಯನ್ನು ಹಿಡಿದಿಡುವ ಎಣ್ಣೆ ಸಾಲದೆ, ಒಣಗಿದ ಮೇಲೆ ಬೆರಳಿಗೆ ಹತ್ತುತ್ತದೆ. ಅದು ಒಣಗಿದ ಮೇಲೆ ದಪ್ಪ ಪದರ: ಟ್ಯೂಬಿನ ಬಣ್ಣ ನಾಲ್ಕು ಪಾಲಿಗೆ ಲಿಕ್ವಿನ್‌ನಂಥ ಆಲ್ಕಿಡ್ ಮೀಡಿಯಂ (ತೈಲಬಣ್ಣವನ್ನು ಬೇಗ ಒಣಗಿಸುವ ದ್ರವ) ಒಂದು ಪಾಲು. ಈ ಅಳತೆಯ ಕ್ಯಾನ್ವಾಸಿಗೆ ಎಲ್ಲ ಬಣ್ಣ ಸೇರಿ 100 ಮಿಲಿಗಿಂತ ಕಡಿಮೆ ಕಲಸಿಕೊಂಡು ಕೂತರೆ ಮಧ್ಯದಲ್ಲೇ ಬರಿದಾಗುತ್ತದೆ. ಕಿಟಕಿ ಗಾಜು ಒರೆಸುವ 12 ಅಂಗುಲದ ರಬ್ಬರ್ ವೈಪರ್ ಸಾಕು. ಬಣ್ಣವನ್ನು ಮೇಲ್ಭಾಗದಲ್ಲಿ ಸಾಲಾಗಿ ಇಟ್ಟು, ವೈಪರನ್ನು ಕ್ಯಾನ್ವಾಸಿಗೆ ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು, ನಿರಿಗೆ ಇಳಿಯುವ ದಿಕ್ಕಿನಲ್ಲೇ ಎಳೆಯಿರಿ. ಸೆರಗು ಬಲದಿಂದ ಎಡಕ್ಕೆ ಓರೆಯಾಗಿ ಇಳಿದರೆ ಎಳೆತವೂ ಹಾಗೆಯೇ. ಕಣ್ಣು ಬಟ್ಟೆಯಿಂದ ಹಿನ್ನೆಲೆಗೆ ತಡೆಯಿಲ್ಲದೆ ಜಾರುವುದು ಈ ಒಂದೇ ಕಾರಣಕ್ಕೆ. ಪ್ರತಿ ಎಳೆತದ ನಂತರ ಅಂಚನ್ನು ಒರೆಸಿ. ನಾಲ್ಕೈದು ಎಳೆತಕ್ಕೆ ನಿಲ್ಲಿಸಿ, ಆರನೆಯದಕ್ಕೆ ಬಣ್ಣವೆಲ್ಲ ಕೆಸರು.

ಈಗಲೇ, ಒದ್ದೆಯಿರುವಾಗಲೇ, ಬಟ್ಟೆ ಬರುವ ಜಾಗದ ದಪ್ಪ ಬಣ್ಣವನ್ನು ಚಾಕುವಿನಿಂದ ಕೆರೆದು ಬಟ್ಟೆಚೂರಿನಿಂದ ಒರೆಸಿ, ಕಲೆಯಷ್ಟೇ ಉಳಿಸಿ. ಇದನ್ನು ಮರೆತರೆ ಒಣಗಿದ ಏಣುಗಳು ರೇಷ್ಮೆಯ ಕೆಳಗಿನಿಂದ ಎದ್ದು ಕಾಣುತ್ತವೆ. ಓರೆ ಬೆಳಕಿನಲ್ಲಂತೂ ನಿರಿಗೆಗೆ ಅಡ್ಡಲಾಗಿ ಗಾಯದ ಗುರುತಿನಂತೆ. ಬಟ್ಟೆಯ ಗಡಿಗಿಂತ ಒಂದು ಬೆರಳಗಲ ಹೊರಗಿನವರೆಗೆ ಕೆರೆಯಿರಿ, ಅಂಚುಗಳ ಕೆಲಸಕ್ಕೆ ಜಾಗ ಬೇಕು. ಐದಾರು ದಿನ ಒಣಗಲಿ.

ಸೆರಗು: ಮೂರು ಪದರ

ಸೀಮೆಸುಣ್ಣದಿಂದ ನಿರಿಗೆಗಳ ಎಳೆತದ ಮೂಲ ಮತ್ತು ಪಟ್ಟೆಗಳ ದಾರಿಯನ್ನು ಗುರುತು ಮಾಡಿ. ಮೊದಲ ಪದರ ಬಣ್ಣವಿಲ್ಲದ್ದು: ಅಂಬರ್, ಅಲ್ಟ್ರಾಮರೀನ್, ಬಿಳಿ ಸೇರಿದ ಐದು ಬೂದು. ಒಂದು ಅಂಗುಲದ ಚಪ್ಪಟೆ ಕುಂಚ, ಕಣ್ಣು ಅರ್ಧ ಮುಚ್ಚಿ ನೋಡುವ ಅಭ್ಯಾಸ. ನೆರಳಿನ ತುಂಡುಗಳನ್ನು ಬಿಡಿಬಿಡಿಯಾಗಿ ಬರೆಯದೆ ಒಂದಕ್ಕೊಂದು ಸೇರಿಸಿ, ನದಿಯೊಂದು ಕವಲೊಡೆದಂತೆ. ತಿಳಿ ಭಾಗಗಳನ್ನು ಕೊನೆಗೆ ಬೇಕಾದದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾಗಿಡಿ, ಮುಂದಿನ ಲೇಪಗಳು ಅವನ್ನು ಇಳಿಸುತ್ತವೆ.

ಎರಡನೆಯದು ಬಣ್ಣದ ಪದರ; ಒಂದು ಪಾಲು ಅಗಸೆ ಎಣ್ಣೆಗೆ ಎರಡು ಪಾಲು ಟರ್ಪೆಂಟೈನ್, ಅದೂ ಕುಂಚದ ತುದಿಗೆ ತಾಗುವಷ್ಟು. ಬೆಳಕಿನ ಕೆಂಪಿಗೆ ಬಿಳಿ ಸುರಿಯುವುದು ಎಲ್ಲರೂ ಮಾಡುವ ತಪ್ಪು, ಸೆರಗು ಗುಲಾಬಿಯಾಗಿ ಸುಣ್ಣ ಬಳಿದಂತಾಗುತ್ತದೆ. ಕ್ಯಾಡ್ಮಿಯಂ ರೆಡ್‌ಗೆ ಆಕರ್ ಸೇರಿಸಿ ಬೆಳಗಿಸಿ, ಬಿಳಿ ಒಂದು ಚಿಟಿಕೆಯಷ್ಟು ಮಾತ್ರ. ನಡುವಿನ ಬಣ್ಣಕ್ಕೆ ಕ್ಯಾಡ್ಮಿಯಂ ಮತ್ತು ಅಲಿಝರಿನ್ ಸಮಪಾಲು. ನೆರಳಿಗೆ ಮೊದಲೇ ಕಲಸಿದ ಗುಡ್ಡೆ.

ಇಲ್ಲೊಂದು ವಿಷಯವನ್ನು ನಿಧಾನವಾಗಿ ನೋಡಬೇಕು. ನಿರಿಗೆಯ ಅತಿ ಕಡು ಜಾಗ ಅದರ ಆಳದ ಕೊನೆಯಲ್ಲಿ ಇರುವುದಿಲ್ಲ. ಬಟ್ಟೆ ಬೆಳಕಿನಿಂದ ಹೊರಳಿದ ಕೂಡಲೇ ಒಂದು ಕಡುಪಟ್ಟೆ. ಅದರಾಚೆ ಪಕ್ಕದ ನಿರಿಗೆಯಿಂದ ಚಿಮ್ಮಿದ ಬೆಳಕು ತುಂಬಿಕೊಂಡಿರುತ್ತದೆ. ಕೆಂಪಿನಿಂದ ಚಿಮ್ಮಿ ಮತ್ತೆ ಕೆಂಪಿಗೆ ಬಿದ್ದ ಬೆಳಕಾದ್ದರಿಂದ ಆ ಜಾಗದ ಕೆಂಪು ಕೆಂಡದಂತೆ ಗಾಢ. ಅಲಿಝರಿನ್ ಜೊತೆ ಬರ್ನ್ಟ್ ಸಿಯೆನ್ನಾ, ಬಿಳಿ ಬೇಡವೇ ಬೇಡ. ನೆರಳಿಗೆ ಕಪ್ಪು ಹಾಕುವವರು ಕಳೆದುಕೊಳ್ಳುವುದು ಈ ಕೆಂಡವನ್ನೇ.

ಬಿಳಿ ಪಟ್ಟೆಯಲ್ಲೂ ಇದೇ ನಡೆಯುತ್ತದೆ. ನೆರಳಿಗೆ ಹೋದ ಬಿಳಿ ಮಧ್ಯಮ ಬೂದಿಗೆ ಇಳಿಯುತ್ತದೆ, ಅಕ್ಕಪಕ್ಕದ ಕೆಂಪನ್ನು ಹೀರಿಕೊಂಡು ಬೆಚ್ಚಗಾಗುತ್ತದೆ. ಪಟ್ಟೆ, ಹಲ್ಲುಗಳ ವಿನ್ಯಾಸ, ಅಂಚಿನ ಗೆರೆಗಳನ್ನು ನಿರಿಗೆಯ ರೂಪ ಮುಗಿದು ಮುಟ್ಟಲು ಒಣಗಿದ ಮೇಲೆ ಬರೆಯಿರಿ. ಮುಖಾಮುಖಿ ಇರುವ ಜಾಗದಲ್ಲಿ ಹಲ್ಲುಗಳು ಅಗಲ, ಬದಿಗೆ ಹೊರಳಿದಲ್ಲಿ ಒತ್ತೊತ್ತು, ಕಡುಪಟ್ಟೆಯಲ್ಲಿ ಇಲ್ಲವೇ ಇಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮರ ಚಿತ್ರಗಳ ಮುಂದೆ ನಿಂತಾಗ ಮುಖಗಳನ್ನು ಬಿಟ್ಟು ಸೀರೆಯ ಅಂಚು ನೆರಳಿಗೆ ಇಳಿಯುವ ಜಾಗಗಳನ್ನಷ್ಟೇ ನೋಡಿ ಬನ್ನಿ. ಜರಿಯಿರುವ ಬಟ್ಟೆಯಾದರೆ ಚಿನ್ನದ ಬಣ್ಣದ ಟ್ಯೂಬ್ ಮುಟ್ಟಬೇಡಿ. ಅದು ಕೋಣೆಯ ಬೆಳಕಿಗೆ ಹೊಳೆಯುತ್ತದೆಯೇ ಹೊರತು ಚಿತ್ರದ ಬೆಳಕಿಗೆ ಅಲ್ಲ. ಅಂಬರ್, ಆಕರ್, ಕೊನೆಗೆ ಬಿಳಿ ಬೆರೆತ ಹಳದಿಯ ಒಂದೆರಡು ಚುಕ್ಕೆ, ಇಷ್ಟರಲ್ಲೇ ಜರಿ ಇದೆ.

ಮೂರನೆಯದು ಲೇಪ. ಎಣ್ಣೆ ಮತ್ತು ಟರ್ಪೆಂಟೈನ್ ಸಮಪಾಲಿನಲ್ಲಿ ಬೆರೆಸಿ, ಅಲಿಝರಿನ್ ತೆಳುವಾಗಿ ನೆರಳು ಮತ್ತು ನಡುವಿನ ಭಾಗದ ಮೇಲೆ ಸವರಿ, ಒಣ ಕುಂಚದಿಂದ ಹರಡಿ. ಮೇಲಿನ ಪದರದಲ್ಲಿ ಕೆಳಗಿನದಕ್ಕಿಂತ ಎಣ್ಣೆ ಹೆಚ್ಚಿರಬೇಕೆಂಬ ನಿಯಮ ಇದರಿಂದ ತಾನಾಗಿ ಪಾಲನೆಯಾಗುತ್ತದೆ. ಕೊನೆಗೆ ರೇಷ್ಮೆಯ ಮಿಂಚು: ನಿರಿಗೆಯ ಬೆನ್ನಿನುದ್ದಕ್ಕೆ ಓಡಿ, ಬಟ್ಟೆ ಬಾಗಿದಲ್ಲಿ ತುಂಡಾಗುವ ಗೆರೆ. ಮಿಂಚಿಗೆ ಬಟ್ಟೆಯ ಬಣ್ಣಕ್ಕಿಂತ ದೀಪದ ಬಣ್ಣ ಹೆಚ್ಚು, ಆದ್ದರಿಂದ ಬಿಳಿಗೆ ಅಲ್ಟ್ರಾಮರೀನ್ ಒಂದು ಸುಳಿವು. ಹತ್ತಿಯ ಭಾಗಕ್ಕೆ ಮಿಂಚು ಕೊಡಬೇಡಿ.

ಅಂಚು ಮತ್ತು ದಾಟು

ಬಟ್ಟೆಯ ಹೊರಗೆರೆಯನ್ನು ಮೂರು ಪಾಲು ಮಾಡಿಕೊಳ್ಳಿ. ಒಂದು ಪಾಲು ಚೂಪು: ಬೆಳಕು ಬಿದ್ದ ಮೇಲ್ಭಾಗದಲ್ಲಿ, ಮೊಳೆಯ ಹತ್ತಿರ. ಒಂದು ಪಾಲು ಮೆತ್ತಗೆ: ಒದ್ದೆ ಬಣ್ಣಗಳು ಸೇರುವ ಜಾಗದಲ್ಲಿ ಒಣ ಕುಂಚವನ್ನು ಒಮ್ಮೆ ಎಳೆದರೆ ಸಾಕು. ಉಳಿದ ಪಾಲು ಕಾಣೆಯಾಗಲಿ: ಬಟ್ಟೆಯ ನೆರಳೂ ಹಿನ್ನೆಲೆಯ ಕಡುವೂ ಒಂದೇ ಮೆಟ್ಟಿಲಿನಲ್ಲಿ ಬೆರೆತು, ಗೆರೆಯೇ ಇಲ್ಲದಂತೆ. ಎಲ್ಲ ಕಡೆ ಗೆರೆ ಕಾಣುವ ಬಟ್ಟೆ ಎಷ್ಟು ಚೆನ್ನಾಗಿ ಬರೆದಿದ್ದರೂ ಅಂಟಿಸಿದ ಬಟ್ಟೆಯೇ.

ಇನ್ನು ಸೇತುವೆ. ಕೆಳಗೆ ಎಡಕ್ಕೆ, ಸೆರಗು ಕುಸಿಯುವಲ್ಲಿ, ಒಂದು ಬಿಳಿ ಮತ್ತು ಅದರ ಪಕ್ಕದ ಒಂದು ಕೆಂಪು ಪಟ್ಟೆಯನ್ನು ಬಟ್ಟೆಯಾಚೆ ಮುಂದುವರಿಸಿ. ಅಗಲ ಅದೇ ಇರಲಿ, ಕೊನೆಯ ನಿರಿಗೆಯಲ್ಲಿ ಪಟ್ಟೆಗೆ ಇದ್ದ ಓರೆಯೂ ಅದೇ ಇರಲಿ. ಆರು ಅಂಗುಲದ ದಾರಿಯಲ್ಲಿ ಐದು ಮೆಟ್ಟಿಲಿನ ಬೆಳಕು-ನೆರಳು ಮೂರಾಗಿ, ಮೂರು ಒಂದಾಗಿ, ಪಟ್ಟೆ ಚಪ್ಪಟೆ ಬಣ್ಣವಾಗಬೇಕು. ಈ ಆರು ಅಂಗುಲಕ್ಕೆ ಇಡೀ ದಿನ ಕೊಟ್ಟರೂ ಹೆಚ್ಚಲ್ಲ, ಚಿತ್ರ ನಿಲ್ಲುವುದೂ ಬೀಳುವುದೂ ಇಲ್ಲಿಯೇ. ಚಪ್ಪಟೆ ಭಾಗವನ್ನು ಕುಂಚ ಬಿಟ್ಟು ಚಾಕುವಿನಿಂದ ಹಾಕಿ, ಮೇಲ್ಮೈ ಬದಲಾದದ್ದು ಬೆರಳಿಗೂ ತಿಳಿಯುವಂತೆ. ನೇರ ಗೆರೆಗೆ ಟೇಪ್ ಬೇಕಾದರೆ ಕೆಳಪದರಕ್ಕೆ ವಾರವಾದರೂ ಆಗಿರಲಿ, ಇಲ್ಲದಿದ್ದರೆ ಟೇಪಿನ ಜೊತೆ ಬಣ್ಣವೂ ಏಳುತ್ತದೆ.

ಎದುರು ದಿಕ್ಕಿನ ದಾಟೂ ಬೇಕು: ಹಿನ್ನೆಲೆಯ ಬಣ್ಣ ಬಟ್ಟೆಯ ಮೇಲೆ ಬರುವುದು. ಹಿನ್ನೆಲೆಯ ಬೂದನ್ನು ಮೂರು ಅಂಗುಲದ ರಬ್ಬರ್ ತುಂಡಿನಿಂದ ಮೆತ್ತನೆಯ ಅಂಚಿನ ಮೇಲೆ ಒಮ್ಮೆ, ಒಮ್ಮೆ ಮಾತ್ರ, ಎಳೆಯಿರಿ. ಕೆಳಗಿನ ಪದರ ಪೂರ್ತಿ ಒಣಗಿರಲಿ. ಎಳೆತ ಹಿಡಿಸದಿದ್ದರೆ ಹತ್ತು ನಿಮಿಷದೊಳಗೆ ಒರೆಸಿ ಹಿಂದಕ್ಕೆ ಹೋಗಲು ದಾರಿ ಇರುತ್ತದೆ. ಆಮೇಲೆ ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನೋಡಿ. ಬಣ್ಣ ಹೋದರೂ ಬಟ್ಟೆ ಮತ್ತು ಹಿನ್ನೆಲೆ ಒಂದೇ ಬೆಳಕಿನಲ್ಲಿ ಕಂಡರೆ ಕೆಲಸ ಆಗಿದೆ.

ಕೆಡುವುದು ಎಲ್ಲಿ

ನಿರಿಗೆಗಳು ತಗಡಿನ ಕೊಳವೆಗಳಂತೆ ಕಂಡರೆ ಎಲ್ಲವೂ ಒಂದೇ ಅಗಲಕ್ಕೆ ಬಂದಿವೆ, ಜೊತೆಗೆ ಎರಡೂ ಬದಿಯ ಅಂಚು ಸಮವಾಗಿ ಮೆತ್ತಗಾಗಿದೆ. ನಿಜವಾದ ನಿರಿಗೆಗೆ ಒಂದು ಬದಿ ಚೂಪು, ಒಂದು ಬದಿ ನಿಧಾನ.

ಲೇಪ ಹನಿಹನಿಯಾಗಿ ಬಿಟ್ಟುಕೊಂಡರೆ ಕೆಳಪದರ ತುಂಬ ಎಣ್ಣೆಯಾಗಿ ನುಣುಪಾಗಿದೆ. ಅದನ್ನು ಪೂರ್ತಿ ಒಣಗಿಸಿ, ನಯವಾದ ಮರಳುಕಾಗದದಿಂದ ಮೃದುವಾಗಿ ಉಜ್ಜಿ ಮತ್ತೆ ಹಾಕಿ. ಕಡು ಜಾಗಗಳು ಮಾತ್ರ ಮಂಕಾಗಿ ಬೂದಿ ಹಿಡಿದಂತಾದರೆ ಕೆಳಗಿನ ಪದರ ಎಣ್ಣೆ ಹೀರಿದೆ. ಮುಟ್ಟಲು ಒಣಗಿದ ಮೇಲೆ ಎಣ್ಣೆ-ಟರ್ಪೆಂಟೈನ್ ಮಿಶ್ರಣವನ್ನು ತೆಳುವಾಗಿ ಸವರಿ, ಐದು ನಿಮಿಷ ಬಿಟ್ಟು ಬಟ್ಟೆಯಿಂದ ಒರೆಸಿಬಿಡಿ, ಉಳಿದುಕೊಂಡಷ್ಟೂ ಹಳದಿಯಾಗುತ್ತದೆ. ದಪ್ಪ ಬಣ್ಣದ ಮೇಲೆ ಹಾಲಿನ ಕೆನೆಯಂಥ ಸುಕ್ಕು ಬಂದರೆ ಎಣ್ಣೆ ಮಿತಿಮೀರಿದೆ, ಕೆರೆದು ಹಾಕುವುದೊಂದೇ ದಾರಿ. ಅಂಬರ್ ಬೇಗ ಒಣಗುತ್ತದೆ, ಐವರಿ ಬ್ಲ್ಯಾಕ್ ಬಹಳ ನಿಧಾನ. ಕಪ್ಪಿನ ದಪ್ಪ ಪದರದ ಮೇಲೆ ಅಂಬರ್ ಹಾಕಿದರೆ ಮೇಲಿನದು ಬಿರಿಯುತ್ತದೆ. ಬಣ್ಣಕ್ಕೆ ಕೋಲ್ಡ್ ವ್ಯಾಕ್ಸ್ (ಮೇಣದ ಮೆತ್ತನೆಯ ಮುಲಾಮು) ಬೆರೆಸುವ ಆಸೆಯಿದ್ದರೆ ಕ್ಯಾನ್ವಾಸ್ ಬಿಟ್ಟು ಹಲಗೆಯ ಮೇಲೆ ಮಾಡಿ, ಬಟ್ಟೆಯ ಜಾಗಕ್ಕೆ ತಾಗಿಸಬೇಡಿ.

ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲದಲ್ಲಿ ಕ್ಯಾನ್ವಾಸ್ ಜೋಲುತ್ತದೆ, ಹಿಂಬದಿಗೆ ಬೂಷ್ಟು ಹತ್ತುತ್ತದೆ. ಗೋಡೆಯಿಂದ ಎರಡು ಅಂಗುಲ ದೂರವಿಟ್ಟು ಗಾಳಿಯಾಡಲು ಬಿಡಿ. ಚಿತ್ರದ ಮುಖವನ್ನು ಗೋಡೆಗೆ ತಿರುಗಿಸಿ ಒಣಗಿಸಬೇಡಿ: ಅಗಸೆ ಎಣ್ಣೆ ಕತ್ತಲಲ್ಲಿ ಹಳದಿಗಟ್ಟುತ್ತದೆ, ಬಿಳಿ ಪಟ್ಟೆಗಳಲ್ಲಿ ಅದು ಮೊದಲು ಕಾಣುತ್ತದೆ. ಹಾಗಾದರೆ ನೇರ ಬಿಸಿಲಿಲ್ಲದ ಬೆಳಕಿನಲ್ಲಿ ಕೆಲವು ವಾರ ಇಟ್ಟರೆ ಬಹುಪಾಲು ತಿಳಿಯಾಗುತ್ತದೆ.

ಎಣ್ಣೆ ಹತ್ತಿದ ಬಟ್ಟೆಚೂರುಗಳನ್ನು ಮುದ್ದೆಮಾಡಿ ಬುಟ್ಟಿಗೆ ಎಸೆಯುವುದು ಅಪಾಯ. ಅಗಸೆ ಎಣ್ಣೆ ಒಣಗುವಾಗ ಬಿಸಿಯೇಳುತ್ತದೆ, ಮುದ್ದೆಯೊಳಗೆ ಬಿಸಿ ಸೇರಿ ತಾನಾಗಿ ಬೆಂಕಿ ಹತ್ತಬಹುದು. ಹರಡಿ ಒಣಹಾಕಿ, ಇಲ್ಲವೇ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರಿನೊಳಗೆ ಮುಳುಗಿಸಿಡಿ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ.

ವಾರ್ನಿಶಿಗೆ ಆರು ತಿಂಗಳಿಂದ ಒಂದು ವರ್ಷ ಕಾಯಿರಿ. ಚಾಕುವಿನಿಂದ ದಪ್ಪ ಹಾಕಿದ ಪಟ್ಟೆಯ ಭಾಗವೇ ಕೊನೆಗೆ ಒಣಗುವುದು, ಅದನ್ನು ನೋಡಿ ದಿನ ನಿಗದಿ ಮಾಡಿ. ಇಡೀ ಚಿತ್ರಕ್ಕೆ ಒಂದೇ ಹೊಳಪಿನ ವಾರ್ನಿಶ್ ಹಾಕಿದರೆ ಹಿನ್ನೆಲೆಯ ಕೆರೆದ ಮಂಕು ಕಳೆದುಹೋಗುತ್ತದೆ. ಹೊಳಪಿನದು ಮತ್ತು ಮಂಕಿನದು ಸಮಪಾಲು ಬೆರೆಸಿ ಒಂದು ತೆಳು ಕೋಟು ಕೊಟ್ಟರೆ ರೇಷ್ಮೆಯ ಮಿಂಚು ಬಣ್ಣದಿಂದ ಬಂದಷ್ಟೇ ಉಳಿಯುತ್ತದೆ.